ಒಂದೇ ಮನೆ, ಒಂದೇ ಹಣ: ಅಪ್ಪನಿಗಿಲ್ಲದ ಸಂತೋಷ ಅಮ್ಮನಿಗೆ ಹೇಗೆ ಬಂತು?

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಭಾಗದ ಭೂಮಿಯ ಬೆಲೆ ಏನಾಯಿತೆಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಯವರೂ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದ ಜಮೀನನ್ನು ಕೆಲವು ವರ್ಷಗಳ ಹಿಂದೆ ಮಾರಿದರು. ಸಾಲ ತೀರಿತು, ತಂಗಿಯ ಮದುವೆಯಾಯಿತು, ಹೊಸ ಮನೆ ಎದ್ದಿತು, ಉಳಿದ ಹಣದ ಬಡ್ಡಿಯಲ್ಲಿ ಸಂಸಾರ ಸಲೀಸಾಗಿ ಸಾಗುತ್ತಿದೆ.

ಆದರೆ ಅಪ್ಪ ಬೆಳಿಗ್ಗೆ ಎದ್ದು ಬಸ್ ನಿಲ್ದಾಣದ ಕಟ್ಟೆಗೆ ಹೋಗಿ ಕುಳಿತರೆ ಊಟದ ಹೊತ್ತಿಗೇ ಮರಳುವುದು. ಕೇಳಿದರೆ, "ಕೊರತೆಯೇನೂ ಇಲ್ಲ, ಯಾವುದರಲ್ಲೂ ರುಚಿಯಿಲ್ಲ ಅಷ್ಟೆ" ಎನ್ನುತ್ತಾರೆ. ಅಮ್ಮನನ್ನು ಕೇಳಿದರೆ, ಜೀವಮಾನದಲ್ಲಿ ಇಷ್ಟು ನೆಮ್ಮದಿಯಾಗಿ ತಾವೆಂದೂ ಇರಲಿಲ್ಲವೆನ್ನುತ್ತಾರೆ. ಮನೆಯೂ ಅದೇ, ಹಣವೂ ಅದೇ. ಹಾಗಾದರೆ ಸಂತೋಷವೆಂಬುದು ಅನುಕೂಲದಿಂದ ಬರುವಂಥದ್ದೋ, ಹುಟ್ಟಿನಿಂದ ಬಂದ ಸ್ವಭಾವವೋ? ತಿಳಿದವರು ಹೇಳಬೇಕು.

ಕೋಲಾರದ_ಟೊಮೆಟೊ

ಹಣದಿಂದ ಸಂತೋಷ ಬರುವುದಿಲ್ಲವೆಂದು ಯಾರಾದರೂ ಇಲ್ಲಿ ಉಪದೇಶ ಆರಂಭಿಸುವ ಮುನ್ನ ನಾನೊಂದು ಮಾತು ಹೇಳಿಬಿಡುತ್ತೇನೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಹರಾಜಿನ ಮುಂದೆ ನಿಂತಿದ್ದ ರೈತರ ಮುಖ ನೋಡಿದವರು ಆ ಮಾತನ್ನು ಆಡಲಾರರು. ಕೂಗುವವನು ಇನ್ನೂರು ಏರಿಸಿದಾಗಲೆಲ್ಲ ಹೆಗಲ ಮೇಲಿನ ಟವಲ್ಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು, ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಆದರೂ ಪೂರ್ತಿ ಹೇಳಬೇಕಲ್ಲ. ಅದೇ ತಿಂಗಳು ನಮ್ಮೂರಿನಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಕಳ್ಳರ ಭಯಕ್ಕೆ ಟಾರ್ಚು ಹಿಡಿದು ರಾತ್ರಿಯಿಡೀ ತೋಟ ಕಾದೆವು. ಬೆಲೆ ಬಿದ್ದು ಹಣ್ಣನ್ನು ರಸ್ತೆ ಬದಿಗೆ ಸುರಿಯುವ ವರ್ಷದಲ್ಲಿಯೂ ನಿದ್ದೆ ಬರುವುದಿಲ್ಲ. ಎರಡು ಬಗೆಯ ನಿದ್ದೆಗೇಡಿನಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಚಿಂತಾಮಣಿ_ಮೇಷ್ಟ್ರು

ಆನಂದವನ್ನು ಅಳೆಯುವ ಪ್ರಯತ್ನ ನಮ್ಮಲ್ಲಿ ಬಹಳ ಹಳೆಯದು. ತೈತ್ತಿರೀಯ ಉಪನಿಷತ್ತು ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳುತ್ತದೆ. ಅವನು ವಿದ್ಯಾವಂತ, ದೃಢಕಾಯ, ಮೇಲಾಗಿ ಇಡೀ ಭೂಮಿಯ ಸಂಪತ್ತೆಲ್ಲ ಅವನದೇ. ಅವನ ಆನಂದವನ್ನು ಒಂದು ಅಳತೆಯೆಂದು ಹಿಡಿದು, ಅಲ್ಲಿಂದ ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ ಎಂದು ಒಂದೊಂದು ಮೆಟ್ಟಿಲಿಗೂ ನೂರುಪಟ್ಟು ಏರಿಸುತ್ತ ಹೋಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಗಂಧರ್ವರಿಂದ ಮೇಲಿನ ಪ್ರತಿ ಮೆಟ್ಟಿಲಿನಲ್ಲಿಯೂ, ಕಾಮನೆಗಳಿಂದ ಪೀಡಿತನಾಗದ ಶ್ರೋತ್ರಿಯನಿಗೂ (ವೇದ ಬಲ್ಲವನಿಗೂ) ಅಷ್ಟೇ ಆನಂದವುಂಟು ಎಂಬ ಮಾತನ್ನು ಅದು ಬಿಡದೆ ಸೇರಿಸುತ್ತದೆ. ಇಂದ್ರನಿಗೆ ಪದವಿಯಿಂದ ಸಿಗುವುದು ಆಸೆ ಕಳೆದುಕೊಂಡವನಿಗೆ ಕುಳಿತಲ್ಲಿಯೇ ಸಿಗುತ್ತದೆ. ನಮ್ಮ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರಿಕೊಂಡಿದ್ದವರು, ಅವರ ತತ್ತ್ವಪದಗಳೂ ಇದೇ ದಾರಿಯವು. ತಂದೆಯವರಿಗೆ ಸತ್ಸಂಗದ ಅಭ್ಯಾಸ ಮಾಡಿಸಿ ನೋಡಿ.

ಶಿರಾ_ಸೊಸೆ

ಮೇಷ್ಟ್ರಿಗೆ ಆಮೇಲೆ ಬರುತ್ತೇನೆ. ಮೊದಲು ಪ್ರಶ್ನೆ ಕೇಳಿದವರಿಗೊಂದು ಮಾತು. ನಿಮ್ಮ ತಾಯಿಯವರು ಜಮೀನಿದ್ದಾಗ ಎಷ್ಟು ಗಂಟೆಗೆ ಏಳುತ್ತಿದ್ದರು? ಹಸು ಇದ್ದವೇ? ತೋಟದ ಆಳುಗಳಿಗೆ ಅಡುಗೆ ಮಾಡಿ ಬುತ್ತಿ ಹೊರುತ್ತಿದ್ದವರು ಯಾರು? ಜಮೀನು ಹೋದಾಗ ನಿಮ್ಮ ತಂದೆಯವರು ಯಜಮಾನಿಕೆಯನ್ನು ಕಳೆದುಕೊಂಡರು, ನಿಮ್ಮ ತಾಯಿಯವರು ಚಾಕರಿಯನ್ನು ಕಳೆದುಕೊಂಡರು. ಇದರಲ್ಲಿ ಸ್ವಭಾವದ ಮಾತು ಎಲ್ಲಿಂದ ಬಂತು?

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ, ಮಾಡದವರು ಅದರಲ್ಲಿ ಸೇರಿಯೇ ಇಲ್ಲ.

ಗೌರಿಬಿದನೂರು_ಗಾಳಿ

ಚರ್ಚೆ ಇಲ್ಲಿಗೇ ಮುಗಿಯಿತೆಂದು ನನಗನಿಸುತ್ತದೆ.

ಕ್ಯಾತ್ಸಂದ್ರದ_ಓದುಗ (ತುಮಕೂರು)

ಮುಗಿದಿಲ್ಲ, ಈಗ ಆರಂಭವಾಗಿದೆ. ಮನುಷ್ಯ ಎಂಥ ಸ್ಥಿತಿಗೂ ಹೊಂದಿಕೊಂಡುಬಿಡುತ್ತಾನೆ ಎಂಬುದೇ ಇಲ್ಲಿನ ಉತ್ತರ. ಅಮೆರಿಕದಲ್ಲಿ ಲಾಟರಿ ಗೆದ್ದವರನ್ನೂ ಅಪಘಾತದಲ್ಲಿ ಅಂಗಾಂಗಗಳ ಸ್ವಾಧೀನ ಕಳೆದುಕೊಂಡವರನ್ನೂ ಹೋಲಿಸಿ ನೋಡಿದಾಗ ಇಬ್ಬರೂ ಕೆಲವು ಕಾಲದ ನಂತರ ಸಮಾನವಾಗಿ ಸಂತೋಷವಾಗಿದ್ದರಂತೆ. ಹಣ ಬಂದ ಹೊಸದರಲ್ಲಿ ಹಿಗ್ಗು, ಆಮೇಲೆ ಎಲ್ಲವೂ ಮಾಮೂಲು.

ತಿಪಟೂರು_ಕೊಬ್ಬರಿ

ಈ ಲಾಟರಿ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದರೊಳಗಿನ ಅಂಕಿಗಳನ್ನು ಯಾರೂ ನೋಡುವುದಿಲ್ಲ. 1978ರಲ್ಲಿ ಬ್ರಿಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಆ ಅಧ್ಯಯನದಲ್ಲಿದ್ದ ಲಾಟರಿ ವಿಜೇತರು ಕೇವಲ 22 ಮಂದಿ. ಐದರ ಅಳತೆಯಲ್ಲಿ ಅವರ ಸಂತೋಷ 4.00, ಸಾಮಾನ್ಯರದು 3.82, ಅಪಘಾತಕ್ಕೊಳಗಾದವರದು 2.96. ಇದು ಸಮಾನವೇ? ಲಾಟರಿ ಗೆದ್ದವರು ಸಾಮಾನ್ಯರಿಗಿಂತ ಗಣನೀಯವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ ಎಂಬುದು ನಿಜ, ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಡಿಮೆಯಾಗಿತ್ತು ಎಂಬುದೂ ನಿಜ. ಆದರೆ ಅಂಗಗಳ ಸ್ವಾಧೀನ ಕಳೆದುಕೊಂಡವನು ಹೊಂದಿಕೊಂಡುಬಿಟ್ಟ ಎಂದು ಹೇಳಲು ಆ ಅಧ್ಯಯನದಲ್ಲಿ ಆಧಾರವಿಲ್ಲ.

ಸ್ವೀಡನ್ನಿನಲ್ಲಿ ಲಾಟರಿ ಗೆದ್ದ ಸಾವಿರಾರು ಜನರನ್ನು ಕುರಿತ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದೊಡ್ಡ ಮೊತ್ತ ಗೆದ್ದವರಿಗೆ ತಮ್ಮ ಬದುಕಿನ ಬಗೆಗಿನ ತೃಪ್ತಿ ಐದು ವರ್ಷದಿಂದ ಇಪ್ಪತ್ತೆರಡು ವರ್ಷಗಳ ನಂತರವೂ ಇಳಿದಿರಲಿಲ್ಲ. ದಿನದಿನದ ಖುಷಿಯಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಕಾಣಲಿಲ್ಲ. ನಮ್ಮ ಪ್ರಶ್ನೆಗೆ ಇದೇ ಹತ್ತಿರದ್ದು. ಬದುಕು ಹೇಗಾಯಿತೆಂದು ಕೇಳಿದರೆ ಬರುವ ಉತ್ತರ ಒಂದು, ಇವತ್ತಿನ ದಿನ ಹೇಗಿತ್ತೆಂದು ಕೇಳಿದರೆ ಬರುವುದು ಇನ್ನೊಂದು. ಆ ತಂದೆಯವರು ಎರಡನೆಯದಕ್ಕೆ ಉತ್ತರ ಕೊಟ್ಟಿದ್ದಾರೆ, ತಾಯಿಯವರು ಮೊದಲನೆಯದಕ್ಕೆ.

ಕ್ಯಾತ್ಸಂದ್ರದ_ಓದುಗ (ತುಮಕೂರು)

ಅಂಕಿಗಳಿಗೆ ಧನ್ಯವಾದ. ಆದರೂ ಒಂದು ಮಟ್ಟದ ಆಚೆಗೆ ಹಣ ಏನೂ ಮಾಡದು ಎಂಬುದನ್ನು ನೊಬೆಲ್ ಪಡೆದವರೇ ತೋರಿಸಿದ್ದಾರಲ್ಲ?

ತಿಪಟೂರು_ಕೊಬ್ಬರಿ

ಕಾನೆಮನ್ ಮತ್ತು ಡೀಟನ್ 2010ರಲ್ಲಿ ಹಾಗೆ ಬರೆದರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ಆಚೆಗೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂಬುದು ಅವರ ಮಾತು. 2021ರಲ್ಲಿ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕ ಏರುತ್ತದೆಂದು ತೋರಿಸಿದ. ಕಾನೆಮನ್ ಜಗಳಕ್ಕೆ ನಿಲ್ಲದೆ ಅವನೊಂದಿಗೇ ಕುಳಿತು ಲೆಕ್ಕವನ್ನು ಮತ್ತೊಮ್ಮೆ ಮಾಡಿದರು. 2023ರಲ್ಲಿ ಇಬ್ಬರೂ ಒಪ್ಪಿದ್ದೇನೆಂದರೆ, ಹೆಚ್ಚಿನವರಿಗೆ ಏರುತ್ತಲೇ ಹೋಗುತ್ತದೆ, ತೀರಾ ಅಸಂತುಷ್ಟರಾದ ಸಣ್ಣ ಗುಂಪೊಂದಕ್ಕೆ ಮಾತ್ರ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ವಾದ ಹೂಡಿದವನೊಡನೆ ಕುಳಿತು ಹೀಗೆ ಲೆಕ್ಕ ನೋಡುವ ಸೌಜನ್ಯ ನಮ್ಮ ಈ ವೇದಿಕೆಗೂ ಬಂದರೆ ಒಳ್ಳೆಯದು.

ಕೋಲಾರದ_ಟೊಮೆಟೊ

ನಾನು ಮೊದಲೇ ಹೇಳಿದ್ದೆ.

ಚಾಂಪಿಯನ್_ರೀಫ್ (ಕೆಜಿಎಫ್)

ನಿಮ್ಮ ಚರ್ಚೆಯಲ್ಲಿ ಹಣ ಸಿಕ್ಕಿ ಕೆಲಸ ಹೋದವರಿದ್ದಾರೆ. ನಮ್ಮದು ಎರಡೂ ಹೋದ ಊರು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಹೆಚ್ಚಿನವರ ಅನ್ನ ಬೆಂಗಳೂರಿನ ರೈಲಿನಲ್ಲಿದೆ. ಬೆಳಿಗ್ಗೆ ಕತ್ತಲಿರುವಾಗ ಮಾರಿಕುಪ್ಪಂನಲ್ಲಿ ಹತ್ತಿ ರಾತ್ರಿ ಇಳಿಯುವ ಬದುಕು.

ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರ ಹಿಂದಿನ ದಿನವನ್ನು ತುಂಡು ತುಂಡಾಗಿ ಬರೆಸಿ, ಯಾವ ಹೊತ್ತಿನಲ್ಲಿ ಎಷ್ಟು ಖುಷಿಯಿತ್ತೆಂದು ಕೇಳಿದ ಅಧ್ಯಯನವೊಂದನ್ನು ಇದೇ ಕಾನೆಮನ್ ತಂಡ 2004ರಲ್ಲಿ ಪ್ರಕಟಿಸಿತು. ಎಲ್ಲಕ್ಕಿಂತ ಕೆಳಗಿದ್ದುದು ಬೆಳಗಿನ ಪ್ರಯಾಣ, ಮೇಲಿನ ಸಾಲಿನಲ್ಲಿದ್ದುದು ಗೆಳೆಯರೊಂದಿಗೆ ಕಳೆದ ಸಮಯ. ಓದಿ ನನಗೆ ನಗು ಬಂತು. ನಮಗೆ ಎರಡೂ ಒಂದೇ ಬೋಗಿಯಲ್ಲಿ ನಡೆಯುತ್ತವೆ! ಒಬ್ಬ ಸೀಟು ಹಿಡಿದಿಡುತ್ತಾನೆ, ಇನ್ನೊಬ್ಬ ಇಡ್ಲಿ ತರುತ್ತಾನೆ, ಬಂಗಾರಪೇಟೆಯಲ್ಲಿ ಹತ್ತುವ ತಂಡಕ್ಕೂ ನಮಗೂ ಇಸ್ಪೀಟಿನ ಹಳೆಯ ಬಾಕಿ ಇದೆ. ವರ್ಗವಾಗಿ ಬೆಂಗಳೂರಿನಲ್ಲೇ ಮನೆ ಮಾಡಿದ ಗೆಳೆಯನೊಬ್ಬ ಆಗಾಗ ಭಾನುವಾರ ಫೋನ್ ಮಾಡಿ, "ನಿನ್ನೆ ರೈಲಿನಲ್ಲಿ ಏನು ಗಲಾಟೆಯಾಯಿತು?" ಎಂದು ವಿಚಾರಿಸಿಕೊಳ್ಳುತ್ತಾನೆ.

ಹಾಗೆಂದು ಗಣಿಯ ಕಾಲ ಸ್ವರ್ಗವಾಗಿತ್ತೆಂದು ಯಾರೂ ಬರೆಯಬೇಡಿ. ನೆಲದಡಿ ಮೂರು ಕಿಲೋಮೀಟರಿನಷ್ಟು ಆಳಕ್ಕೆ ಇಳಿದು ಕಲ್ಲುಧೂಳು ಕುಡಿದವರ ಕೆಮ್ಮನ್ನು ನಾನು ಚಿಕ್ಕಂದಿನಿಂದ ಕೇಳಿ ಬೆಳೆದವನು.

ಲಕ್ಷ್ಮೀಸಾಗರದ_ಏರಿ (ಕೋಲಾರ)

ಹೊಂದಿಕೊಳ್ಳುವಿಕೆಯ ಬಗ್ಗೆ ಕ್ಯಾತ್ಸಂದ್ರದ ಓದುಗರು ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳು ಬಿಟ್ಟು ಬೇರೇನೂ ಬಾರದಿದ್ದ ವರ್ಷಗಳನ್ನು ಕಂಡ ಜಿಲ್ಲೆ ನಮ್ಮದು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ನಮ್ಮ ಕೆರೆಗೆ ಬಂದಾಗ ಮುದುಕಿಯರು ಅರಿಶಿನ ಕುಂಕುಮ ತಂದು ಪೂಜಿಸಿದರು, ಹುಡುಗರು ಪೈಪಿನ ಮುಂದೆ ಫೋಟೊ ತೆಗೆಸಿಕೊಂಡರು. ಈಗ ಕೆರೆ ತುಂಬಿಯೇ ಇದ್ದರೂ ಏರಿಯ ಮೇಲೆ ಬೈಕಿನಲ್ಲಿ ಹೋಗುವವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಂದಿನ ಹಿಗ್ಗು ಸುಳ್ಳಾಗಿರಲಿಲ್ಲ, ಆದರೆ ಅದರ ಆಯಸ್ಸು ಅಷ್ಟೇ ಇತ್ತು.

ಗೌರಿಬಿದನೂರು_ಗಾಳಿ

ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಕಳುಹಿಸಿದರೆ ಅದಕ್ಕೆ ಹಿಗ್ಗಬೇಕೆ? ಮೂರನೇ ಹಂತದ ಶುದ್ಧೀಕರಣ ಎಲ್ಲಿ?

ಲಕ್ಷ್ಮೀಸಾಗರದ_ಏರಿ (ಕೋಲಾರ)

ಹಿಗ್ಗಬೇಕೆಂದು ನಾನು ಹೇಳಲಿಲ್ಲ, ಹಿಗ್ಗಿದರು ಎಂದೆ. ಒಣಗಿದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ನೀರನ್ನು ಕಂಡಾಗ ಏನಾಗುತ್ತದೆಂಬುದನ್ನು ಹೇಳಿದೆ, ಅಷ್ಟೆ.

ನಿರ್ವಾಹಕರು

ನೀರಿನ ಶುದ್ಧೀಕರಣದ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ ಮುಂದುವರಿಸಿ.

ಶಿಡ್ಲಘಟ್ಟ_ಚಂದ್ರಿಕೆ

ಶಿರಾದ ಅಕ್ಕ ಹೇಳಿದ್ದನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಕೆಲಸ ಹೋದರೆ ಹೆಂಗಸರಿಗೆ ಸುಖ ಎಂದು ಅಷ್ಟು ಸುಲಭವಾಗಿ ತೀರ್ಮಾನಿಸುವುದನ್ನು ಮಾತ್ರ ಒಪ್ಪಲಾರೆ. ನಾನು ರೇಷ್ಮೆ ಹುಳು ಸಾಕುವವಳು. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳುವಿನ ಹಸಿವು ಹೇಗಿರುತ್ತದೆಂದರೆ, ಮೊಟ್ಟೆಯೊಡೆದಂದಿನಿಂದ ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಕ್ಕಿಂತ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲಿಯೇ ತಿಂದು ಮುಗಿಸುತ್ತದೆ. ರಾತ್ರಿ ಸೊಪ್ಪು ಹರಡಿ ದೀಪ ಆರಿಸಿದರೆ ಮನೆಯೊಳಗೆ ಮಳೆ ಹುಯ್ದ ಸದ್ದು. ಆಮೇಲೆ ಹುಳು ಹಣ್ಣಾಗುತ್ತದೆ, ಮೈ ಹಳದಿಗೆ ತಿರುಗಿ ಗಾಜಿನಂತೆ ಹೊಳೆಯುತ್ತದೆ, ತಲೆ ಎತ್ತಿ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ನೂಲು ವ್ಯರ್ಥ. ಅಂದು ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಯಾರಿಗೂ ಊಟದ ನೆನಪಿರುವುದಿಲ್ಲ, ಅತ್ತೆಯೊಂದಿಗಿನ ಮುನಿಸೂ ಮರೆತುಹೋಗಿರುತ್ತದೆ. ನನ್ನ ವರ್ಷದಲ್ಲಿ ಅಷ್ಟು ಚೆನ್ನಾಗಿರುವ ದಿನ ಇನ್ನೊಂದಿಲ್ಲ, ಬೆನ್ನು ಮಾತ್ರ ಎರಡು ದಿನ ಮಾತು ಕೇಳುವುದಿಲ್ಲ.

ಮಾರನೆಯ ವಾರ ಮಾರುಕಟ್ಟೆಯಲ್ಲಿ ಗೂಡಿಗೆ ಬಂದ ರೇಟು ನೋಡಿ ಅಳುವುದು ಬೇರೆ ವಿಷಯ.

ತಿಪಟೂರು_ಕೊಬ್ಬರಿ

ಬಹಳ ಚೆನ್ನಾಗಿ ಬರೆದಿದ್ದೀರಿ. ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ಷಿಕಾಗೊ ಭಾಗದ ಕೆಲಸಗಾರರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಸಿಕೊಂಡಿದ್ದರು. 1989ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ, ಮೈಮರೆತು ತಲ್ಲೀನರಾದ ಗಳಿಗೆಗಳು ಬಿಡುವಿಗಿಂತ ಕೆಲಸದಲ್ಲಿಯೇ ಹಲವು ಪಟ್ಟು ಹೆಚ್ಚಾಗಿದ್ದವು. ತಮಾಷೆಯೆಂದರೆ, ಕೆಲಸದಲ್ಲಿರುವಾಗ ಎಲ್ಲರೂ ಬಿಡುವನ್ನೇ ಬಯಸುತ್ತಿದ್ದರು.

ಶಿರಾ_ಸೊಸೆ

ಶಿಡ್ಲಘಟ್ಟದ ತಂಗಿಯ ಹುಳು ಅವಳದೇ, ಗೂಡಿನ ಲೆಕ್ಕವೂ ಅವಳ ಕೈಯಲ್ಲಿಯೇ ಇದ್ದಂತೆ ಕಾಣುತ್ತದೆ. ನಾನು ಹೇಳಿದ್ದು ಇನ್ನೊಬ್ಬರ ಲೆಕ್ಕಕ್ಕೆ ಸೇರುವ ಚಾಕರಿಯ ಮಾತು.

ಪಾವಗಡದ_ಬಿಸಿಲು

ಇಷ್ಟೆಲ್ಲ ಓದಿದ ಮೇಲೆ ನಮ್ಮ ಕಡೆಯದೂ ಹೇಳಲೇಬೇಕು. ಸೋಲಾರ್ ಪಾರ್ಕಿಗೆ ನಮ್ಮ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು ಹದಿಮೂರು ಸಾವಿರ ಎಕರೆ ಹೋಗಿದೆ. ಮಾರಾಟವಲ್ಲ, ಗುತ್ತಿಗೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಬೀಜದ ಹಣವೂ ಹುಟ್ಟದೆ ಕೈ ಸುಟ್ಟುಕೊಳ್ಳುತ್ತಿದ್ದ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ. ಇಪ್ಪತ್ತು ಎಕರೆ ಕೊಟ್ಟವರು ನಿಶ್ಚಿಂತೆಯಾಗಿದ್ದಾರೆ, ಅದರಲ್ಲಿ ಸುಳ್ಳಿಲ್ಲ.

ಎರಡು ಎಕರೆ ಕೊಟ್ಟವರಿಗೆ ಬರುವ ಹಣ ತಿಂಗಳಿಗೆ ಹಂಚಿ ನೋಡಿದರೆ ನಾಲ್ಕು ಸಾವಿರದ ಆಸುಪಾಸು. ಒಂದು ಗುಂಟೆಯೂ ಇಲ್ಲದೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ, ಕುರಿ ಮೇಯಿಸಲು ಬಯಲೂ ಇಲ್ಲ. ವಿಚಿತ್ರವೆಂದರೆ ಮೊದಲು ಬರಗಾಲವಿದ್ದಾಗ ಊರಿನವರೆಲ್ಲರಿಗೂ ಬರವೇ ಆಗಿತ್ತು, ಆಗ ಇಷ್ಟು ಕಹಿ ಇರಲಿಲ್ಲ. ಈಗ ಪಕ್ಕದ ಮನೆಯ ಮುಂದೆ ಕಾರು ನಿಂತಿದೆ. ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲಿಯೇ ಈ ಬಗ್ಗೆ ಬರೆದಿದ್ದರು. ಒಂದೇ ದೇಶದೊಳಗೆ ಬಡವರಿಗಿಂತ ಶ್ರೀಮಂತರು ಹೆಚ್ಚು ಸಂತುಷ್ಟರು, ಆದರೆ ಇಡೀ ದೇಶ ಶ್ರೀಮಂತವಾಗುತ್ತ ಹೋದರೂ ಒಟ್ಟು ಸಂತೋಷ ಅದಕ್ಕೆ ತಕ್ಕಂತೆ ಏರುವುದಿಲ್ಲ, ಏಕೆಂದರೆ ಮನುಷ್ಯ ತನ್ನನ್ನು ಪಕ್ಕದವನೊಂದಿಗೆ ತೂಗಿ ನೋಡಿಕೊಳ್ಳುತ್ತಾನೆ ಎಂದು. ಅದರ ಮೇಲೆ ವಾದವಿವಾದ ಇನ್ನೂ ನಡೆದಿದೆ, ನಮ್ಮೂರಿನ ಅರಳಿಕಟ್ಟೆಯಲ್ಲಿ ಮಾತ್ರ ಆ ವಾದ ಯಾವತ್ತೋ ಮುಗಿದಿದೆ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ಧನ್ಯವಾದಗಳು. ಶಿರಾದವರು ಕೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಹಸುಗಳಿದ್ದವು, ನಾಲ್ಕೂವರೆಗೆ ಏಳುತ್ತಿದ್ದರು, ಡೇರಿಗೆ ಹಾಲು ಹಾಕಿ ಬಂದು ಆಳುಗಳ ಅಡುಗೆಗೆ ಕೂರುತ್ತಿದ್ದರು. ಈಗ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ, ಸಂಜೆ ದೇವಸ್ಥಾನದಲ್ಲಿ ಭಜನೆ. "ಯಾರಿಗಾದರೂ ಅನ್ನ ಹಾಕಬೇಕೆಂಬ ಗಡಿಬಿಡಿಯಿಲ್ಲದೆ ಕಾಫಿ ಕುಡಿಯುವುದೆಂದರೇನೆಂದು ನನಗೆ ಈಗ ಗೊತ್ತಾಗಿದೆ" ಎಂದರು.

ಅಪ್ಪನನ್ನೂ ಕೇಳಿದೆ. ಮೊದಲು ಊರಿನಲ್ಲಿ ಯಾರ ತೋಟಕ್ಕೆ ಬೂದಿರೋಗ ಬಂದರೂ ಎಲೆ ಕಿತ್ತುಕೊಂಡು ಅವರ ಹತ್ತಿರ ಬರುತ್ತಿದ್ದರು. ಈಗ ಯಾರೂ ಬರುವುದಿಲ್ಲವಂತೆ. ಹಣದ ಮಾತನ್ನು ಅವರು ಎತ್ತಲೇ ಇಲ್ಲ.

ಚಿಂತಾಮಣಿ_ಮೇಷ್ಟ್ರು

ಇದನ್ನೇ ನಾನು ಆಸೆಯೆಂದು ಕರೆದದ್ದು. ಯಾರಾದರೂ ಬಂದು ಕೇಳಬೇಕೆಂಬುದೂ ಆಸೆಯೇ.

ಚಾಂಪಿಯನ್_ರೀಫ್ (ಕೆಜಿಎಫ್)

ಕ್ಷಮಿಸಿ ಮೇಷ್ಟ್ರೇ, ಅದನ್ನೂ ಬಿಡಿ ಎಂದರೆ ಮನುಷ್ಯನಿಗೆ ಉಳಿಯುವುದೇನು? ಹಾರ್ವರ್ಡಿನಲ್ಲಿ 1938ರಲ್ಲಿ ಆರಂಭಿಸಿ ಇಂದಿಗೂ ನಡೆಸುತ್ತಿರುವ ಅಧ್ಯಯನವೊಂದಿದೆ. ಅದರಲ್ಲಿ ಮುಪ್ಪಿನವರೆಗೆ ಆರೋಗ್ಯವಾಗಿ, ಸಂತೋಷವಾಗಿ ಉಳಿದವರನ್ನು ಗುರುತಿಸಲು ಎಲ್ಲಕ್ಕಿಂತ ಹೆಚ್ಚಾಗಿ ನೆರವಾದದ್ದು ಅವರಿಗಿದ್ದ ಹತ್ತಿರದ ಸಂಬಂಧಗಳು. ಆ ತಂದೆಯವರಿಗೆ ಸತ್ಸಂಗಕ್ಕಿಂತ ಮೊದಲು, ದ್ರಾಕ್ಷಿ ತೋಟ ಇನ್ನೂ ಇಟ್ಟುಕೊಂಡಿರುವ ನಾಲ್ಕು ಜನರ ಫೋನ್ ಕರೆ ಬರಬೇಕು.

ಶಿರಾ_ಸೊಸೆ

ಈಗ ಮೇಷ್ಟ್ರಿಗೆ ಬರುತ್ತೇನೆಂದು ಹೇಳಿದ್ದೆ. ತಾವು ಹೇಳಿದ ಉಪನಿಷತ್ತಿನ ಅಳತೆ ಆರಂಭವಾಗುವುದೇ ಒಬ್ಬ ಗಟ್ಟಿಮುಟ್ಟಾದ ಯುವಕನಿಂದ. ಅವನಿಗೆ ಬಡಿಸಿದವಳು ಯಾವ ಮೆಟ್ಟಿಲಿನಲ್ಲಿಯೂ ಕಾಣುವುದಿಲ್ಲ. ಆಸೆ ಬಿಟ್ಟವನಿಗೂ ಹೊತ್ತಿಗೆ ಊಟ ಬೇಕಲ್ಲವೇ?

ಚಿಂತಾಮಣಿ_ಮೇಷ್ಟ್ರು

ಪ್ರಶ್ನೆ ನ್ಯಾಯವಾದದ್ದು. ಆದರೆ ಬಡಿಸುವುದರಲ್ಲಿಯೇ ಆನಂದ ಕಂಡವರೂ ನಮ್ಮ ನಡುವೆ ಇದ್ದರು. 2019ರ ಜನವರಿಯಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ಮಕ್ಕಳ ದಾಸೋಹವನ್ನು ದಶಕಗಳ ಕಾಲ ನಡೆಸಿದರು. ಅವರಿಗೆ ಅದು ಚಾಕರಿಯೆಂದು ತೋರಿತ್ತೇ?

ಶಿರಾ_ಸೊಸೆ

ಸ್ವಾಮೀಜಿಯವರು ಅದನ್ನು ತಾವಾಗಿ ಆರಿಸಿಕೊಂಡರು, ನಾಡು ಕೈಮುಗಿಯಿತು. ನಮ್ಮ ಓಣಿಯ ಹೆಂಗಸರನ್ನು ಆರಿಸಿಕೊಳ್ಳಿ ಎಂದು ಯಾರೂ ಕೇಳಿಲ್ಲ, ಕೈ ಮುಗಿದವರನ್ನೂ ನಾನು ಕಂಡಿಲ್ಲ.

ಕ್ಯಾತ್ಸಂದ್ರದ_ಓದುಗ (ತುಮಕೂರು)

ವಾದ ಬಿಸಿಯಾಗುತ್ತಿದೆ, ಸ್ವಲ್ಪ ಹಗುರ ಮಾಡೋಣ. ವಿಶ್ವ ಸಂತೋಷ ವರದಿಯಲ್ಲಿ ಫಿನ್ಲೆಂಡ್ 2018ರಿಂದ 2025ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿದೆ, 2025ರಲ್ಲಿ ಭಾರತಕ್ಕೆ 147 ದೇಶಗಳಲ್ಲಿ 118ನೆಯ ಸ್ಥಾನ. ಇದನ್ನು ನಂಬುತ್ತೀರಾ? ಮಧ್ಯಪ್ರದೇಶದವರು 2016ರಲ್ಲಿ ಆನಂದ ಇಲಾಖೆಯನ್ನೇ ತೆರೆದರು. ನಮಗೂ ಒಂದು ಬೇಕೇ?

ಕೋಲಾರದ_ಟೊಮೆಟೊ

ಬೇಡ. ಇರುವ ಇಲಾಖೆಗಳಿಗೆ ಅಲೆದು ಬರುವ ದುಃಖವೇ ಸಾಕಷ್ಟಿದೆ.

ತಿಪಟೂರು_ಕೊಬ್ಬರಿ

ಆ ವರದಿಯ ಶ್ರೇಯಾಂಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ, ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು 10, ಅತಿ ಕೆಟ್ಟದ್ದು 0, ಈಗ ನೀವು ಯಾವ ಮೆಟ್ಟಿಲಿನ ಮೇಲಿದ್ದೀರಿ ಎಂದು ಕೇಳುತ್ತಾರೆ. ಪ್ರತಿ ದೇಶದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಸಾವಿರದಷ್ಟು ಜನರ ಉತ್ತರ ಪಡೆದು ಮೂರು ವರ್ಷಗಳ ಸರಾಸರಿ ತೆಗೆಯುತ್ತಾರೆ. ನಗು ಎಷ್ಟು, ಹಾಡು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ನಮ್ಮ ಜಾತ್ರೆ ನೋಡಿದವರು 118 ಹೇಗೆ ಸಾಧ್ಯವೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಬೇಕಾದರೆ ಇಲ್ಲಿಯೇ ಕೇಳಿ ನೋಡೋಣ, ಎಲ್ಲರೂ ತಮ್ಮ ಮೆಟ್ಟಿಲು ಬರೆಯಿರಿ. ನನ್ನದು 7.

ಚಾಂಪಿಯನ್_ರೀಫ್ (ಕೆಜಿಎಫ್)

6. ರೈಲು ತಡವಾದ ದಿನ 4.

ಕೋಲಾರದ_ಟೊಮೆಟೊ

ನಾಳೆಯ ಹರಾಜು ಮುಗಿಯದೆ ಹೇಳಲಾರೆ.

ಶಿಡ್ಲಘಟ್ಟ_ಚಂದ್ರಿಕೆ

ಹುಳು ಹಣ್ಣಾದ ದಿನ 9. ಉಳಿದ ದಿನಗಳದ್ದನ್ನು ಕೇಳಬೇಡಿ.

ಪಾವಗಡದ_ಬಿಸಿಲು

ಪಕ್ಕದ ಮನೆಯವರದು ಎಷ್ಟೆಂದು ತಿಳಿದ ಮೇಲೆ ನನ್ನದನ್ನು ಬರೆಯುತ್ತೇನೆ.

ಶಿರಾ_ಸೊಸೆ

ಅಂಕ ಬರೆದ ಗಂಡಸರೆಲ್ಲ ದಯವಿಟ್ಟು ತಮ್ಮ ಮನೆಯ ಹೆಂಗಸರನ್ನೂ ಕೇಳಿ ಅವರ ಅಂಕವನ್ನೂ ಪಕ್ಕದಲ್ಲಿಯೇ ಬರೆಯಬೇಕು. ನಮ್ಮ ಯಜಮಾನರು 8 ಎಂದರು, ನಾನು 5 ಎಂದೆ. ಏಕೆ ಐದು, ಏನು ಕಡಿಮೆಯಾಗಿದೆ ಎಂದು ಅವರು ಎದುರಿಗೇ ಕುಳಿತು ಕೇಳುತ್ತಿರುವುದರಿಂದ ಉಳಿದ ಉತ್ತರಗಳನ್ನು ನಾಳೆ ಬರೆಯುತ್ತೇನೆ.